ಲಿಮಾಕ್ಕೊಂದು ರಿಹರ್ಸಲ್

ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಅವನ್ನು ಬೇಯಿಸಿದ ನೀರೂ ಬೇಡ. ಸ್ಪ್ಯಾನಿಷ್‌ನಲ್ಲಿ ನಾನು ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡಿದ ವಾಕ್ಯ ಇದು. ಪೆರುವಿನಲ್ಲಿ ಬರೀ ವೆಜಿಟೇರಿಯನ್ ಅಂದರೆ ಸೂಪಿನಿಂದ ಕೋಳಿಯ ತುಂಡುಗಳನ್ನು ಎತ್ತಿಟ್ಟು ಉಳಿದದ್ದನ್ನು ನಗುನಗುತ್ತಾ ಕೊಡುತ್ತಾರೆ ಎಂದು ಯಾರೋ ಹೆದರಿಸಿದ್ದರು. ಹಾಗಾಗಿ ಆ ನೀರಿನ ಮಾತನ್ನು ನಾನೇ ಕೊನೆಗೆ ಸೇರಿಸಿಕೊಂಡಿದ್ದೆ.

ಹೋಗಬೇಕಾಗಿದ್ದವರು ನಾವಿಬ್ಬರು. ಸ್ಯಾನ್ ಡಿಯೇಗೊದ ಯೂನಿವರ್ಸಿಟಿ ಸಿಟಿಯಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ತುಮಕೂರಿನವಳು, ಅವಳು ಧಾರವಾಡದವಳು. ಅವಳು ಇನ್ನೂ ಪಿಎಚ್‌ಡಿ ಮಾಡುತ್ತಿದ್ದಳು. ನಾನು ಓದು ಮುಗಿಸಿ, ಆಮೇಲೆ ಸ್ವಲ್ಪ ಕಾಲ ಕೆಲಸ ಮಾಡಲು ಕೊಡುವ ಪರವಾನಗಿಯ ಮೇಲೆ ಕೆಲಸಕ್ಕೆ ಸೇರಿದ್ದೆ. ಕೊರೊನಾ ಬಂದು ಹೊಸ್ತಿಲು ದಾಟದ ಹಾಗಾದಾಗ ಶುರುವಾದ ಹುಚ್ಚು ಅದು. ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಲಿಮಾ ನಗರವನ್ನೆಲ್ಲ ಸುತ್ತುವುದು, ಅಲ್ಲಿಂದ ಬಸ್ಸು ಹಿಡಿದು ಪರಾಕಾಸ್ ಎಂಬ ಸಮುದ್ರದ ದಡದ ಊರಿಗೆ ಹೋಗುವುದು. ನಕ್ಷೆ ಫ್ರಿಜ್ಜಿನ ಬಾಗಿಲ ಮೇಲಿತ್ತು. ಹಾಲು ತೆಗೆಯಲು ಹೋದಾಗಲೆಲ್ಲ ಪರಾಕಾಸ್ ಕಣ್ಣಿಗೆ ಬೀಳುತ್ತಿತ್ತು.

ಕೊರೊನಾ ತಗ್ಗಿ ಎಲ್ಲ ತೆರೆದ ಮೇಲೆ, ಟಿಕೆಟ್ ಬುಕ್ ಮಾಡೋಣ ಎಂದು ನಾನು ಲ್ಯಾಪ್‌ಟಾಪ್ ತೆಗೆದ ಸಂಜೆ ಅವಳು ಬಂದು ಎದುರಿಗೆ ಕೂತಳು.

"ಬ್ಯಾಡಲೇ. ನೀ ಈಗ ಅಮೆರಿಕಾ ಬಿಟ್ಟು ಹೊರಗ ಹೋದ್ರ ತಿರುಗಿ ಒಳಗ ಬಿಡೂದಿಲ್ಲ. ನಮ್ಮ ಲ್ಯಾಬಿನ್ಯಾಗಿದ್ದಾಂವ ಒಬ್ಬಾಂವ ಹಂಗ ಹೋಗಿ ಸಿಕ್ಕೊಂಡಾನ. ನೌಕರಿನೂ ಹೋತು."

"ಯೂನಿವರ್ಸಿಟಿ ಆಫೀಸಿಗೆ ಒಂದು ಮೇಲ್ ಹಾಕಿ ಕೇಳ್ತೀನಿ ಕಣೇ."

"ಹುಚ್ಚಿ ಏನ್ ನೀ? ಕೇಳಿದ್ರ ನಿನ್ನ ಹೆಸರು ಅವರ ಕಣ್ಣಿಗೆ ಬೀಳತೈತಿ. ಸುಮ್ನಿರು."

ನಾನು ಮೇಲ್ ಹಾಕಲಿಲ್ಲ. ನಮ್ಮವರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಹಲ್ಲು ನೋವಿಗೆ ಮೂವರು ಡಾಕ್ಟರರನ್ನು ಕೇಳುವ ನಾವು ವೀಸಾದ ವಿಷಯಕ್ಕೆ ಮಾತ್ರ ಆಫೀಸಿನ ಕಡೆ ತಲೆ ಹಾಕುವುದಿಲ್ಲ. ರೂಮ್‌ಮೇಟ್ ಹೇಳಿದ್ದೇ ಕಾನೂನು. ಕೇಳಿದರೆ ಎಲ್ಲಿ ಇಲ್ಲದ ತೊಂದರೆ ಮೈಮೇಲೆ ಬರುತ್ತದೋ ಎಂಬ ಭಯ. ಆ ಭಯ ನನ್ನೊಳಗೆ ಎಷ್ಟಿದೆ ಎಂದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಮುಖ ನೋಡಿ ಅವಳೇ ಸಮಾಧಾನ ಮಾಡಿದಳು. "ನೀ ಇಲ್ದ ನಾ ಒಬ್ಬಾಕೀನ ಯಾಕ ಹೋಗ್ಲಿ? ಇಲ್ಲೇ ಮಾಡೂಣು. ಲಾಸ್ ಏಂಜಲಿಸ್ ಅಂದ್ರ ಲಿಮಾ ಅಂತ ತಿಳ್ಕೊ. ಓಷನ್‌ಸೈಡ್ ಅಂದ್ರ ನಿನ್ನ ಪರಾಕಾಸ್. ರಿಹರ್ಸಲ್!" ಇಂಥ ಗೆಳತಿ ಯಾರಿಗೆ ಸಿಗುತ್ತಾಳೆ ಎಂದು ನನಗೆ ಕಣ್ಣು ತುಂಬಿ ಬಂದಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಜೂನ್ ತಿಂಗಳು. ಕರಾವಳಿಯ ಟ್ರೇನು ಹತ್ತಿ ಲಾಸ್ ಏಂಜಲಿಸ್‌ಗೆ ಹೋದೆವು. ಆ ತಿಂಗಳಲ್ಲಿ ಇಲ್ಲಿ ಬೆಳಗಿನ ಹೊತ್ತು ಸೂರ್ಯ ಮುಖ ತೋರಿಸುವುದಿಲ್ಲ. ಲಿಮಾದ ಆಕಾಶವೂ ಹೀಗೇ ಬೂದಿ ಬಣ್ಣದ್ದಂತೆ ಎಂದು ನಾನು ಸಂಭ್ರಮಪಟ್ಟೆ. ಗುರುತು ಪರಿಚಯ ಇಲ್ಲದವರ ಜೊತೆ ಹಾಸ್ಟೆಲಿನ ಒಂದರ ಮೇಲೊಂದಿದ್ದ ಮಂಚಗಳಲ್ಲಿ ಮಲಗಿದೆವು. ಕ್ಯಾಬ್ ಹತ್ತುವಂತಿಲ್ಲ ಎಂದು ನಿಯಮ ಮಾಡಿಕೊಂಡು, ಕಾಲಲ್ಲಿ ಬೊಬ್ಬೆ ಬರುವವರೆಗೆ ನಡೆದೆವು. ಬ್ಯಾಗಿನಲ್ಲಿ ಅವಲಕ್ಕಿ, ಶೇಂಗಾ ಚಟ್ನಿಪುಡಿ ಇದ್ದವು, ಆದರೂ ಒಂದು ಹೊತ್ತು ಹೊರಗಡೆಯೇ ತಿನ್ನಬೇಕೆಂದು ಅವಳು ಹಟ ಹಿಡಿದಳು.

ಫುಟ್‌ಪಾತಿನ ಮೇಲೆ ಸ್ಪ್ಯಾನಿಷ್ ಮಾತಾಡುವ ಒಬ್ಬಾಕೆ ಮೆಕ್ಕೆಜೋಳದ ದಪ್ಪ ರೊಟ್ಟಿಯೊಳಗೆ ಬೀನ್ಸ್ ತುಂಬಿ ಬೇಯಿಸುತ್ತಿದ್ದಳು. ನಾನು ನನ್ನ ವಾಕ್ಯವನ್ನು ಉದುರಿಸಿದೆ. ಆಕೆ ತಲೆಯಾಡಿಸಿ, ನಮ್ಮೆರಡು ರೊಟ್ಟಿಗಳನ್ನು ಕಾವಲಿಯ ಬೇರೆ ಮೂಲೆಯಲ್ಲಿ ಬೇಯಿಸಿದಳು. ಇವಳು ನನ್ನ ತೋಳು ಜಗ್ಗಿದಳು.

"ಇನ್ನೊಮ್ಮೆ ಹೇಳಲೇ, ಸಾವಕಾಶ. ಆ ನೀರಿಂದು ಹೆಂಗ ಅಂತಾರ?"

ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಬಸ್ ನಿಲ್ದಾಣ ಎಲ್ಲಿ, ಇಬ್ಬರಿಗೆ ರೂಮಿದೆಯೇ, ಸ್ವಲ್ಪ ಕಡಿಮೆ ಮಾಡಿಕೊಳ್ಳಿ, ಹೀಗೆ ಎಲ್ಲವನ್ನೂ ಹೇಳಿಸಿ ಹೇಳಿಸಿ ತುಂಬಿಕೊಂಡಳು. ಅಷ್ಟು ದಿನ ನನ್ನ ಸ್ಪ್ಯಾನಿಷನ್ನು ಗೇಲಿ ಮಾಡುತ್ತಿದ್ದವಳಿಗೆ ಕೊನೆಗೂ ಬುದ್ಧಿ ಬಂತು ಎಂದು ನಾನು ಮೇಷ್ಟ್ರ ಗತ್ತಿನಲ್ಲಿ ತಿದ್ದಿದೆ.

ಮಧ್ಯಾಹ್ನ ಮೆಟ್ರೊ ಹಿಡಿದು ಕಲ್ವರ್ ಸಿಟಿಗೆ ಹೋದೆವು. ಅವಳ ಲ್ಯಾಬಿನ ಸೀನಿಯರ್ ಒಬ್ಬ ಅಲ್ಲಿ ಕೆಲಸದಲ್ಲಿದ್ದ, ಬೆಂಗಳೂರಿನ ಹುಡುಗ. ಕಾಫಿ ಅಂಗಡಿಯಲ್ಲಿ ಅವಳ ಬ್ಯಾಗನ್ನು ಎತ್ತಿ ನೋಡಿ, "ಇಷ್ಟೇನಾ? ನಂದು ಇದಕ್ಕಿಂತ ಭಾರ ಆಗಿದೆ. ಸರಿ, ಬಸ್ಸು ರಾತ್ರಿದಾ ಬೆಳಗ್ಗೆದಾ ಫಿಕ್ಸ್ ಮಾಡಿದ್ಯಾ?" ಎಂದ.

"ನಾವು ಟ್ರೇನಿಗೆ ಹೋಗ್ತೀವಿ," ಎಂದು ಅವಳು ಥಟ್ಟನೆ ಹೇಳಿ, ಇಲ್ಲಿಯ ಕಾಫಿ ಎಷ್ಟು ಕಹಿ ಎಂಬ ಮಾತೆತ್ತಿದಳು. ಪಾಪ, ಹುಡುಗನಿಗೆ ಮರೆವು ಜಾಸ್ತಿ ಎಂದುಕೊಂಡೆ ನಾನು.

ಮರಳುವ ದಾರಿಯಲ್ಲಿ ಓಷನ್‌ಸೈಡ್‌ನಲ್ಲಿ ಇಳಿಯುವ ಹೊತ್ತಿಗೆ ಮೋಡ ಸರಿದಿತ್ತು. ಸಮುದ್ರದೊಳಕ್ಕೆ ಉದ್ದಕ್ಕೆ ಚಾಚಿದ ಮರದ ಸೇತುವೆಯ ತುದಿಯಲ್ಲಿ ಕೂತು ಅವಲಕ್ಕಿ ತಿಂದೆವು. ಗಾಳ ಹಾಕಿದವರ ಪಕ್ಕದಲ್ಲಿ ಪೆಲಿಕನ್ ಹಕ್ಕಿಗಳು ಸಾಲಾಗಿ ಕಾಯುತ್ತಿದ್ದವು. ಪರಾಕಾಸ್‌ನಲ್ಲೂ ಇವೇ ಹಕ್ಕಿಗಳಂತೆ ಎಂದೆ. ಅವಳು ನನ್ನ ಭುಜಕ್ಕೆ ತಲೆಯಿಟ್ಟಳು. ಆ ಗಳಿಗೆಯಲ್ಲಾದರೂ ಬಾಯಿಬಿಟ್ಟಿದ್ದರೆ, ನಾಲ್ಕು ದಿನ ಮಾತು ಬಿಟ್ಟು ಐದನೆಯ ದಿನ ಸರಿಹೋಗುತ್ತಿದ್ದೆ. ನನ್ನ ಸಿಟ್ಟು ಅಷ್ಟೇ ಎಂದು ಅವಳಿಗೆ ಗೊತ್ತಿತ್ತು.

ಮುಂದಿನ ತಿಂಗಳು ಟೆಕ್ಸಾಸ್‌ನಲ್ಲಿ ಕಾನ್ಫರೆನ್ಸ್ ಇದೆ ಎಂದಳು. ಅವಳ ಬ್ಯಾಗಿನ ಪಟ್ಟಿ ಭುಜ ಕೊರೆಯುತ್ತಿತ್ತಂತೆ, ನನ್ನದನ್ನು ಕೇಳಿದಳು. ಕೊಟ್ಟೆ. ದಾರಿಗೆ ಅವಲಕ್ಕಿ ಹುರಿದು ಪೊಟ್ಟಣ ಕಟ್ಟಿದವಳೂ ನಾನೇ.

ಅವಳು ಹೊರಟ ವಾರವೇ ನನ್ನ ಆಫೀಸಿನ ವಿಳಾಸ ಬದಲಾದದ್ದನ್ನು ತಿಳಿಸಲು ಯೂನಿವರ್ಸಿಟಿಗೆ ಹೋಗಬೇಕಾಯಿತು. ಕೌಂಟರಿನ ಹೆಂಗಸು ಮೃದುವಾಗಿ ಮಾತನಾಡುತ್ತಿದ್ದಳು, ದೇಶದ ಹೊರಗೆ ಹೋಗಿ ಬರಬಹುದೇ ಎಂದು ಧೈರ್ಯ ಮಾಡಿ ಕೇಳಿಬಿಟ್ಟೆ. ಆಕೆ ನನ್ನ ಪಾಸ್‌ಪೋರ್ಟ್ ತಿರುವಿ ನೋಡಿ, ವೀಸಾ ಅವಧಿ ಇನ್ನೂ ಇದೆ, ಕೆಲಸವೂ ಇದೆ, ನಮ್ಮದೊಂದು ಸಹಿ ಹಾಕಿಸಿಕೊಂಡರೆ ಧಾರಾಳವಾಗಿ ಹೋಗಿ ಬರಬಹುದು ಎಂದಳು. ನನಗೆ ಕುಣಿಯುವಂತಾಯಿತು. ಧಾರವಾಡದ ಪೆದ್ದಿ, ಯಾರದೋ ಮಾತು ಕೇಳಿ ತಾನೂ ಕೆಟ್ಟಳು, ನನ್ನನ್ನೂ ಕೆಡಿಸಿದಳು ಎಂದು ನಕ್ಕೆ. ಫೋನಿನಲ್ಲಿ ಹೇಳಲಿಲ್ಲ. ಬಂದ ಮೇಲೆ ಎದುರಿಗೇ ಹೇಳಿ ಅವಳ ಮುಖ ನೋಡಬೇಕಿತ್ತು ನನಗೆ.

ಅವಳು ಬರುವ ಹಿಂದಿನ ದಿನ ಮೀರಾ ಮೆಸಾದ ಇಂಡಿಯನ್ ಅಂಗಡಿಗೆ ಡ್ರೈವ್ ಮಾಡಿಕೊಂಡು ಹೋದೆ. ಬಿಲ್ಲಿಗೆ ಕ್ಯೂ ಇತ್ತು. ನಿಂತಲ್ಲೇ ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗುಂಪು ತೆರೆದೆ. ಕಲ್ವರ್ ಸಿಟಿಯ ಹುಡುಗ ಒಂದು ವಿಡಿಯೊ ಹಾಕಿದ್ದ. ನನ್ನಿಂದ ಮುಚ್ಚಿಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದ್ದನ್ನು ಮರೆತನೋ. ಕೆಳಗೆ 'ಪರಾಕಾಸ್' ಎಂದು ಬರೆದಿದ್ದ.

ಹಿಂದೆ ಸಮುದ್ರ, ದೋಣಿಗಳು, ಪೆಲಿಕನ್‌ಗಳು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನ್ನ ಬ್ಯಾಗು. ಅದರ ಪಕ್ಕದಲ್ಲಿ ನಿಂತು ಅವಳು ಹೋಟೆಲಿನವನಿಗೆ ಹೇಳುತ್ತಿದ್ದಳು: ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಅವನ್ನು ಬೇಯಿಸಿದ ನೀರೂ ಬೇಡ. ನಾನು ಉಸಿರು ತೆಗೆದುಕೊಳ್ಳುವ ಕಡೆಯೇ ಅವಳೂ ಉಸಿರು ತೆಗೆದುಕೊಂಡಳು. ಒಂದೂ ತಪ್ಪಲಿಲ್ಲ.

"ವಾವ್, ಇದೆಲ್ಲ ಎಲ್ಲಿ ಕಲಿತೆ?" ಎಂದಿತು ಅವನ ಧ್ವನಿ.

ಅವಳು ಕೂದಲು ಹಿಂದೆ ಸರಿಸಿ ನಕ್ಕಳು. "ಹಿಂಗ... ಅಲ್ಲೊಂದೀಟು ಇಲ್ಲೊಂದೀಟು. ನನ್ನಷ್ಟಕ್ಕ ನಾನ ಕಲ್ತೆ."

ಕ್ಯೂ ಮುಂದೆ ಸರಿದಿತ್ತು. ಹಿಂದಿದ್ದ ಆಂಟಿ, "ಹೋಗಮ್ಮಾ ಮುಂದೆ," ಎಂದರು. ನನ್ನ ಕೈಯಲ್ಲಿ, ನಾಳೆ ಬರುವವಳಿಗೆಂದು ತೆಗೆದುಕೊಂಡಿದ್ದ ಶೇಂಗಾ ಚಟ್ನಿಪುಡಿಯ ಪ್ಯಾಕೆಟ್ ಇತ್ತು.