ಶಾಂತವ್ವನ ಕೈಯ ಜಡ್ಡು

ಕೊರೋನಾ ಬರುವ ಹಿಂದಿನ ವರ್ಷ ನಾನು ಇಂಡಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನನ್ನ ಊರು ಹಾಸನ. ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ಇಲ್ಲಿನ ಮಾತು ನನಗೆ ಬರುತ್ತದೆ ಎಂಬ ಜಂಭ ಮಾತ್ರ ಆಗಲೇ ಬಂದುಬಿಟ್ಟಿತ್ತು.

ಒಂದು ಸೋಮವಾರ ಹೊರರೋಗಿಗಳ ಸಾಲು ಗೇಟಿನವರೆಗೆ ಇತ್ತು. ಲಿಂಬೆ ತೋಟದಲ್ಲಿ ಕಾಯಿ ಕೀಳುವ ಶಾಂತವ್ವ ಬಲಗೈ ಚಾಚಿದಳು. ನಲವತ್ತರ ಆಸುಪಾಸಿನ ಹೆಂಗಸು.

"ಕೈಗಿ ಜಡ್ಡ ಆಗೈತ್ರಿ ಸಾಹೇಬ್ರ. ಏನ್ ಹಿಡದ್ರೂ ಗೊತ್ತಾಗವಲ್ದು."

ನಮ್ಮ ಕಡೆ ಜಡ್ಡು ಎಂದರೆ ದುಡಿದು ದುಡಿದು ಗಟ್ಟಿಯಾದ ಚರ್ಮ. ಆಕೆಯ ಅಂಗೈ ಹಾಗೆಯೇ ಇತ್ತು. ಆ ಒಂದು ಪದ ಕೇಳಿದ್ದೇ, ಮುಂದಿನ ಮಾತು ನನ್ನ ಕಿವಿಗೆ ಬೀಳಲಿಲ್ಲ. ಕಿರುಬೆರಳಿನ ಬುಡದಲ್ಲಿ ಲಿಂಬೆ ಮುಳ್ಳೊಂದು ಮುರಿದು ಕೂತಿತ್ತು. ಚಿಮಟದಿಂದ ಕಿತ್ತೆ, ರಕ್ತ ಬಂತು. ಆಕೆ ಕಣ್ಣು ಕೂಡ ಮಿಟುಕಿಸಲಿಲ್ಲ. "ಗಟ್ಟಿಗಿತ್ತಿ ಕಣಮ್ಮಾ ನೀನು" ಎಂದು ನಕ್ಕು, ಮುಲಾಮು, ಬಿ-ಕಾಂಪ್ಲೆಕ್ಸ್ ಮಾತ್ರೆ ಬರೆದು ಮುಂದಿನವರನ್ನು ಕರೆದೆ.

ಹತ್ತು ತಿಂಗಳ ಮೇಲೆ ಮತ್ತೆ ಬಂದಳು. ಉಂಗುರ ಬೆರಳು, ಕಿರುಬೆರಳು ಎರಡೂ ಒಳಕ್ಕೆ ಮಡಚಿಕೊಂಡಿದ್ದವು. ಜಡ್ಡುಗಟ್ಟಿದರೆ ಹೀಗೇಕಾಗಬೇಕು ಎಂದು ಗೊಣಗಿದೆ. ಪಕ್ಕದಲ್ಲಿದ್ದ ಸಿಸ್ಟರ್ ಮಹಾದೇವಿ, ಮುದ್ದೇಬಿಹಾಳದವರು, ನನ್ನ ಮುಖ ನೋಡಿದರು.

"ಜಡ್ಡ ಅಂದ್ರ ನಮ್ಮ ಕಡಿ ರೋಗ ರೀ ಸರ್. ಜ್ವರ ಬಂದ್ರೂ ಜಡ್ಡ ಅಂತೀವ್ರಿ."

ಆವತ್ತು ಕಿವಿಗೆ ಹಾಕಿಕೊಳ್ಳದ ಮಾತನ್ನು ಶಾಂತವ್ವನಿಂದ ಮತ್ತೆ ಹೇಳಿಸಿಕೊಂಡೆ. ಶಾಂತವ್ವನ ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಅಂಗೈಯ ಅಂಚು ಮುಟ್ಟಿ, ಎಲ್ಲಿ ಮುಟ್ಟಿದೆ ತೋರಿಸು ಎಂದೆ. ಮೂರು ಸಲ ಮುಟ್ಟಿದೆ. ಆಕೆ ಕಾಯುತ್ತಲೇ ಕೂತಿದ್ದಳು.

"ಮುಟ್ರಿ ಸಾಹೇಬ್ರ" ಎಂದಳು.

ಮೊಣಕೈ ಹಿಂದಿನ ನರ ಹಗ್ಗದಂತೆ ದಪ್ಪವಾಗಿತ್ತು. ಬೆನ್ನಿನಲ್ಲಿ, ಮುಂಗೈಯಲ್ಲಿ ಸ್ಪರ್ಶವೇ ಇಲ್ಲದ ಮಾಸಲು ಮಚ್ಚೆಗಳು. ಕುಷ್ಠ.

ಕೊರೋನಾ ಗದ್ದಲದಲ್ಲೂ ಆಕೆ ಒಂದು ವರ್ಷ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ರೋಗ ವಾಸಿಯಾಯಿತು, ಬೆರಳು ನೆಟ್ಟಗಾಗಲಿಲ್ಲ. ಲಿಂಬೆ ಕೀಳುವ ಕೆಲಸ ಹೋಯಿತು. ಮಾತ್ರೆ ಮುಗಿದ ದಿನ ನಾಚಿಕೆ ಬಿಟ್ಟು ಹೇಳಿದೆ: ಮೊದಲ ಸಲವೇ ನಾನು ಪತ್ತೆ ಹಚ್ಚಿದ್ದರೆ ನಿನ್ನ ಕೈ ಉಳಿಯುತ್ತಿತ್ತು. ಆಕೆ ಅಳಲಿಲ್ಲ, ಬೈಯಲಿಲ್ಲ.

"ಮುಳ್ಳ ಕಿತ್ತವ್ರು ನೀವಽ ಅಲ್ಲೇನ್ರಿ" ಎಂದಳು. "ನನಗ ನೋವಾಗ್ಲಿಲ್ಲ ಅನ್ನೂದು ನಿಮಗರ ತಿಳೀಬೇಕಿತ್ತಲ್ರಿ."

ನಿವೃತ್ತನಾಗುವವರೆಗೂ ಆ ಮಾತು ನನ್ನ ಮೇಜಿನ ಎದುರೇ ಕೂತಿತ್ತು. ನೋವು ಎಂದು ಬಂದವರನ್ನು ಸ್ವಲ್ಪ ಹೊತ್ತು ಕಾಯಿಸಿದ್ದೇನೆ. ನೋವೇ ಗೊತ್ತಾಗುತ್ತಿಲ್ಲ ಎಂದವರನ್ನು ಮಾತ್ರ ಕಾಯಿಸಲಿಲ್ಲ.