ಶೋಕೇಸಿನ ಶ್ಯಾಂಪೂ ಬಾಟಲಿ

ಜಯನಗರದ ನಮ್ಮ ಮನೆಯ ಶೋಕೇಸಿನಲ್ಲಿ, ಚನ್ನಪಟ್ಟಣದ ಬೊಂಬೆಗಳ ಪಕ್ಕ, ಒಂದು ಖಾಲಿ ಶ್ಯಾಂಪೂ ಬಾಟಲಿ ಇತ್ತು. ನಾನು ಚಿಕ್ಕವಳಿದ್ದಾಗ ಸೋದರಮಾವ ವಿದೇಶದಿಂದ ತಂದುಕೊಟ್ಟದ್ದು. ಶ್ಯಾಂಪೂ ಎಂದೋ ಮುಗಿದಿದ್ದರೂ ಅಮ್ಮ ಪ್ರತಿ ಶುಕ್ರವಾರ ಬಾಟಲಿಯನ್ನು ಒರೆಸಿಡುತ್ತಿದ್ದಳು. ಬಂದವರು ‘ಫಾರಿನ್ನಾ?’ ಎಂದು ಕೇಳಬೇಕು. ಕೇಳದವರಿಗೆ ಕಾಫಿ ಸ್ವಲ್ಪ ತಡವಾಗಿಯೇ ಬರುತ್ತಿತ್ತು.

ಕಳೆದ ತಿಂಗಳು ಮುರಿದ ಕುರ್ಚಿಗಳನ್ನು ಹಾಕಲು ಅಮ್ಮನ ಜೊತೆ ತಲಘಟ್ಟಪುರದ ಒಂದು ಗುಜರಿ ಗೋಡೌನಿಗೆ ಹೋದೆ. ಅಲ್ಲೊಬ್ಬ ಹೆಂಗಸು ಪ್ಲಾಸ್ಟಿಕ್ ಬಾಟಲಿಗಳ ಗುಡ್ಡೆಯ ಮುಂದೆ ಕೂತು ಒಂದೊಂದನ್ನೇ ಬೇರೆ ಮಾಡುತ್ತಿದ್ದಳು. ನೋಡಿದರೆ, ನಮ್ಮ ಬಾಟಲಿಯ ಅಕ್ಕತಂಗಿಯರೇ ನೂರಾರು!

“ಇವೆಲ್ಲ ಎಲ್ಲಿಂದ ಬಂದ್ವು ಅಕ್ಕಾ?” ಎಂದೆ.

“ಫಾರಿನ್ನಿಂದ ಮೇಡಂ. ಪೇಪರ್ ಮಿಲ್ಲಿನೋರು ಹಳೇ ಪೇಪರ್ ಅಂತ ಹಡಗಲ್ಲಿ ತರಿಸ್ತಾರೆ, ಬಂಡಲ್ ಬಿಚ್ಚಿದ್ರೆ ಮಧ್ಯದಲ್ಲಿ ಇದೇ ತುಂಬಿರುತ್ತೆ, ಗುಜರಿಗೆ ಹಾಕ್ತಾರೆ. ಯಾವ್ದಕ್ಕೂ ಬಾರದ್ದನ್ನ ಹಿಂದ್ಗಡೆ ಸುಡ್ತಾರೆ.”

ಹಿಂದುಗಡೆಯ ಹೊಂಗೆ ಮರ ಮಸಿ ಹಿಡಿದು ನಿಂತಿತ್ತು.

ಅಮ್ಮ ಒಂದು ಬಾಟಲಿ ಎತ್ತಿ ಮುಚ್ಚಳ ತೆಗೆದಳು. ಅಂಟಂಟು ಶ್ಯಾಂಪೂ ಕೈಮೇಲೆ ಸುರಿಯಿತು. ಹಾಲಿನ ಕವರನ್ನೂ ತೊಳೆದು, ಒಣಗಿಸಿ, ಆಮೇಲೆ ಕಸದ ಗಾಡಿಗೆ ಹಾಕುವವಳು ನಮ್ಮಮ್ಮ.

“ತೊಳೆದೂ ಕಳ್ಸಿಲ್ವಲ್ಲೇ, ಕೊಳಕರು!”

ಮನೆ ಮುಟ್ಟುವವರೆಗೂ ಬೈಗುಳ ನಿಲ್ಲಲಿಲ್ಲ, ನನ್ನ ನಗುವೂ ನಿಲ್ಲಲಿಲ್ಲ.

ಮರುದಿನ ಶೋಕೇಸಿನಲ್ಲಿ ಬೊಂಬೆಗಳಷ್ಟೇ ಇದ್ದವು. ಬಾಟಲಿ ಫಿನಾಯಿಲ್ ತುಂಬಿಸಿಕೊಂಡು ಬಚ್ಚಲಿನಲ್ಲಿ ಕೂತಿತ್ತು.