ಹಳದಿ ಕವರಿನ ಹುಡುಗಿ

ಲಾಲಬಿಗೆ ಸಣ್ಣ ಸಿಟ್ಟು ಬಂದರೆ ಬಾಯಿ ಮಾಡುತ್ತಾಳೆ, ದೊಡ್ಡ ಸಿಟ್ಟು ಬಂದರೆ ಚಪ್ಪಲಿ ಮೆಟ್ಟುತ್ತಾಳೆ. ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವವರ ಓಣಿಗೆಲ್ಲ ಇದು ಗೊತ್ತು. ಬಾಯಿ ಮಾಡುತ್ತಿದ್ದರೆ ಜನ ತಮ್ಮ ಪಾಡಿಗೆ ತಾವು ಹತ್ತಿ ಹಿಂಜುತ್ತಾರೆ. ಚಪ್ಪಲಿ ಮೆಟ್ಟಿದಳೆಂದರೆ ಮಾತ್ರ "ಇವತ್ತ ಯಾರ ಮನಿಗೆ ಹೊಂಟಾಳಪಾ" ಎಂದು ಬಾಗಿಲಿಗೆ ಬರುತ್ತಾರೆ. ಈ ಸಲ ಆಕೆ ಹೊರಟದ್ದು ತನ್ನದೇ ಮುಖ ಹುಡುಕಲಿಕ್ಕೆ ಎಂದರೆ ಯಾರು ನಂಬಬೇಕು?

ಆದದ್ದಿಷ್ಟು. ಗಾದಿಬಟ್ಟೆ ತರಲು ಲಾಲಬಿ, ಗಂಡ ಮುರ್ತುಜಾ, ಸೊಸೆ ಫರ್ಹಾನಾ ಗದಗಿಗೆ ಹೋಗಿದ್ದರು. ಹೊಟ್ಟೆ ಚುರುಗುಟ್ಟಿ ಹೊಸದಾಗಿ ತೆರೆದ ಹೋಟೆಲೊಂದನ್ನು ಹೊಕ್ಕರು. ಈಗಿನ ಹೋಟೆಲಿನವರಿಗೆ ಹಳೆಯದೆಲ್ಲ ಚೆಂದ ನೋಡಿ, ಗೋಡೆ ತುಂಬ ಹಿಂದಿನ ಕಾಲದ ಗ್ರಾಮಫೋನ್ ಪ್ಲೇಟಿನ ರಟ್ಟಿನ ಕವರುಗಳನ್ನು ಗಾಜು ಹಾಕಿಸಿ ತೂಗಿಬಿಟ್ಟಿದ್ದರು. ತಂಬೂರಿ ಹಿಡಿದ ಗವಾಯಿಗಳು, ಹೂವಿನ ನಡುವೆ ನಿಂತ ನಾಯಕಿಯರು, ಕುಂಚದಲ್ಲಿ ಬಿಡಿಸಿದ ನವಿಲು. ಲಾಲಬಿ ಗಿರ್ಮಿಟ್ಟಿನ ತಾಟು ಅಲ್ಲೇ ಬಿಟ್ಟು ಎದ್ದಳು. ತಿನ್ನುತ್ತ ಕೂತವರ ತಲೆಯ ಮೇಲಿಂದ ಬಾಗಿ ಬಾಗಿ ಒಂದೊಂದೇ ಕವರು ನೋಡತೊಡಗಿದಳು. ಯಾರದೋ ಚಹಾ ಚೆಲ್ಲಿತು.

"ಏ, ಬಂದ್ ಕುಂಡ್ರ ಬಾ. ಮಂದ್ಯಾಗ ಮಾನಾ ಕಳೀಬ್ಯಾಡ," ಎಂದ ಮುರ್ತುಜಾ, ಹಲ್ಲು ಕಚ್ಚಿ.

"ನಂದೂ ಐತೇನ ನೋಡಾಕತ್ತೀನ್ರಿ."

"ಕೇಳಿದೇನವಾ ಫರ್ಹಾನಾ? ಲಗ್ನಾದಾಗಿಂದ ಇದ ಬಂಡಲ್ ಬಿಡಾಕತ್ತಾಳ. ಪ್ಲೇಟಿನ ಕವರಿನ ಮ್ಯಾಲ ಈಕಿ ಫೋಟೋ ಇತ್ತಂತ! ಹೀರೋಯಿನ್ ನಮ್ಮನ್ಯಾಗಿನಾಕಿ!"

ಫರ್ಹಾನಾ ಕೆಟ್ಟ ಹುಡುಗಿಯಲ್ಲ. ಆದರೆ ಬಾಯಲ್ಲಿ ಗಿರ್ಮಿಟ್ ಇಟ್ಟುಕೊಂಡು ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ಅತ್ತೆಗೆ ಬೇಜಾರಾದೀತೆಂದು ಮೊಬೈಲಿನಲ್ಲಿ ಹುಡುಕಿಯೂ ನೋಡಿದಳು. "ಇಲ್ಲತ್ತಿ, ನೀವ್ ಎಲ್ಲೂ ಇಲ್ಲ," ಎಂದು ಮೊಬೈಲು ಕೆಳಗಿಟ್ಟಳು. ಗಂಡನ ಕುಹಕ ಲಾಲಬಿಗೆ ರೂಢಿಯಾಗಿತ್ತು. ಸೊಸೆಯ ಈ ಮಾತು ಮಾತ್ರ ಎದೆಗೆ ದಬ್ಬಣ ಚುಚ್ಚಿದ ಹಾಗಾಯಿತು.

ಯಾಕೆಂದರೆ ಅದು ಖರೇ ನಡೆದದ್ದು. ಲಾಲಬಿಯ ತವರು ಬಿಂಕದಕಟ್ಟಿ. ಹದಿನೇಳರ ಹುಡುಗಿ, ಹಿಂಗಾರಿ ಜೋಳ ಕೊಯ್ಯಲು ಕೂಲಿಗೆ ಹೋಗಿದ್ದಳು. ಹುಬ್ಬಳ್ಳಿಯ ಯಾವುದೋ ಸಣ್ಣ ಕಂಪನಿ ಸುಗ್ಗಿ ಹಾಡಿನ ಪ್ಲೇಟು ಹೊರಡಿಸುವುದಿತ್ತು, ಅದರ ಕವರಿಗೆ ಫೋಟೋ ತೆಗೆಯಲು ಜೀಪಿನಲ್ಲಿ ಬಂದರು. ಜೊತೆಗೆ ನಾಟಕದ ನಟಿಯೊಬ್ಬಳನ್ನು ಕರೆತಂದಿದ್ದರು. ಪಾಪ, ಆಕೆ ತೆನೆಯ ಕಟ್ಟು ಎದೆಗವಚಿಕೊಂಡದ್ದೇ ತಡ, ಜೋಳದ ಸುಂಕು ಮೈಗೆಲ್ಲ ಹತ್ತಿ ಕೆರೆದುಕೊಳ್ಳುತ್ತ, ಸೀನುತ್ತ ಜೀಪು ಹತ್ತಿ ಕೂತುಬಿಟ್ಟಳು. ಫೋಟೋದವನು ಸಾಲಾಗಿ ನಿಂತ ಕೂಲಿಯವರನ್ನು ನೋಡಿ ಲಾಲಬಿಯತ್ತ ಬೆರಳು ಮಾಡಿದ. ಇಳಕಲ್ ಸೀರೆ ಉಡಿಸಿದರು, ಹಣೆಗೆ ಕುಂಕುಮ ಹಚ್ಚಿದರು, ತೆನೆ ಕೊಟ್ಟರು. "ನಗು" ಎಂದರು. ಹುಟ್ಟಿದಾಗಿನಿಂದ "ಹಲ್ಲ ಕಿಸೀಬ್ಯಾಡ" ಎಂದೇ ಕೇಳಿದ್ದ ಹುಡುಗಿಗೆ ನಗುವುದು ಹೇಗೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದೆ ಹಿಂದೆ ಸರಿಯುತ್ತಿದ್ದ ಫೋಟೋದವನು ಕಾಲುವೆಯ ಕೆಸರಿನಲ್ಲಿ ಕುಂಡಿ ಊರಿ ಕೂತ. ಲಾಲಬಿಗೆ ನಗು ತಡೆಯಲಾಗಲಿಲ್ಲ. ಆತ ಜಾಣ, ಕೆಸರಿನಲ್ಲಿ ಕೂತಲ್ಲಿಂದಲೇ ಗುಂಡಿ ಒತ್ತಿದ.

ಮನೆಗೆ ಬಂದಾಗ ಹಣೆಯ ಕುಂಕುಮ ಒರೆಸಲು ಮರೆತಿದ್ದಳು. ಅವ್ವ ಸೆರಗಿನಿಂದ ತಿಕ್ಕಿ ಒರೆಸಿ, ಬೆನ್ನಿಗೆರಡು ಕೊಟ್ಟು, ಬಾಯಿ ಬಿಟ್ಟರೆ ಹುಷಾರ್ ಎಂದಳು. ಮುಂದಿನ ಬೇಸಿಗೆಯಲ್ಲಿ ಮುರ್ತುಜಾನ ಜೊತೆ ನಿಕಾಹ್ ಆಯಿತು. ಹಂದರದಲ್ಲಿ ಮೈಕ್ ಸೆಟ್ಟಿನವನು ಪ್ಲೇಟಿನ ಕವರುಗಳನ್ನು ಹಗ್ಗಕ್ಕೆ ಸಾಲಾಗಿ ತೂಗಿಬಿಟ್ಟಿದ್ದ. ಮುಸುಕಿನ ಸಂದಿಯಿಂದ ಮದುಮಗಳು ನೋಡುತ್ತಾಳೆ, ನಡುವೆ ಒಂದು ಹಳದಿ ಕವರು, ಅದರಲ್ಲಿ ತೆನೆ ಹಿಡಿದು ತಾನೇ ನಗುತ್ತಿದ್ದಾಳೆ! ಮದುಮಗಳು ಕೈ ಎತ್ತಿ ತೋರಿಸುವ ಹಾಗಿದೆಯೇ? ಗಂಡನಿಗೆ ಮರುದಿನ ಹೇಳಿದಳು. ಅಷ್ಟರಲ್ಲಿ ಹಂದರ ಬಿಚ್ಚಿಯಾಗಿತ್ತು. ಮುರ್ತುಜಾ ಹೊಟ್ಟೆ ಹಿಡಿದುಕೊಂಡು ನಕ್ಕ.

ಇಷ್ಟು ವರ್ಷ ಯಾಕೆ ಸುಮ್ಮನಿದ್ದಳು ಎಂದು ಮಾತ್ರ ಕೇಳಬೇಡಿ. ಮಕ್ಕಳನ್ನು ಹೆತ್ತು, ಹತ್ತಿಯ ಧೂಳು ಕುಡಿದು, ಊರ ಮಂದಿ ಮಲಗುವ ಗಾದಿ ಹೊಲಿದವಳಿಗೆ ತನ್ನ ಮುಖ ಹುಡುಕಲು ಪುರುಸೊತ್ತು ಎಲ್ಲಿತ್ತು? ಈಗ ಬಸ್ಸೂ ಹೆಂಗಸರಿಗೆ ಪುಕ್ಕಟೆ. ಬಿಂಕದಕಟ್ಟಿಯ ತಮ್ಮನಿಗೆ ಫೋನು ಹಚ್ಚಿ ವಿಚಾರಿಸಿದಳು. ಲಗ್ನಕ್ಕೆ ಮೈಕ್ ತಂದವನು ಬೆಟಗೇರಿಯ ಅಲ್ಲಾಸಾಬ, ಈಗ ವಯಸ್ಸಾಗಿ ಮುಂಡರಗಿಯಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದು ಗೊತ್ತಾಯಿತು. ಬೆಳಿಗ್ಗೆ ಚಪ್ಪಲಿ ಮೆಟ್ಟಿದಳು.

"ನಾಡದ ಕೊಡೂ ಗಾದಿ ಯಾರ ಹೊಲೀಬೇಕು?" ಎಂದ ಮುರ್ತುಜಾ.

"ಬಂದ್ ಹೊಲಿತೀನ್ರಿ. ಹತ್ತಿ ಎಲ್ಲಿಗೂ ಹಾರಿ ಹೋಗೂದಿಲ್ಲ."

"ಹತ್ತಿ ಹಾರೂದಿಲ್ಲ ಅನ್ನಾಕಿ ಗಾದಿಯವರ ಮನ್ಯಾಗ ಅದಾಳ ನೋಡ!"

ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಮುಂಡರಗಿಗೆ ಹೋದಳು. ಅಲ್ಲಾಸಾಬ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಪ್ಲೇಟಿನ ಮಾತು ತೆಗೆದದ್ದೇ ಸಾಕು, ಮುದುಕನ ಕಣ್ಣು ಅರಳಿದವು.

"ಆಗಿನ ಮಂದಿಗೆ ಓದಾಕ ಬರ್ತಿದ್ದಿಲ್ಲವಾ, ನನಗೂ ಬರ್ತಿದ್ದಿಲ್ಲ. ಅದಕ್ಕ ಕವರ್ ತೂಗಬಿಡ್ತಿದ್ದೆ. 'ಏ, ಆ ನವಿಲಿಂದ ಹಚ್ಚು, ಆ ಕೆಂಪ್ ಸೀರಿಯಾಕಿದ ಹಚ್ಚು' ಅಂತಿದ್ರು. ಹೆಣ್ಮಕ್ಕಳು ಹಾಡ ಮುಗದರೂ ಕವರ್ ನೋಡ್ಕೋಂತ ನಿಂದರ್ತಿದ್ರು. ಆಗ ಹಾಡಿಗೊಂದ್ ಮಾರಿ ಇತ್ತು ತಂಗಿ. ಈಗ ಮೊಬೈಲಿನ್ಯಾಗ ಸಾವಿರ ಹಾಡ ಅದಾವ, ಒಂದಕ್ಕೂ ಮಾರಿ ಇಲ್ಲ."

"ಆ ಕವರ್ ಎಲ್ಲಿ ಅದಾವಣ್ಣಾ?"

ಆತ ಹೊರಸಿನ ಕೆಳಗಿನ ಟ್ರಂಕು ಎಳೆಸಿ ತೋರಿಸಿದ. ಒಳಗೆ ಬರಿಮೈ ಪ್ಲೇಟುಗಳು, ಒಂದೊಂದರ ನಡುವೆ ಒಂದೊಂದು ಹಳೇ ಪೇಪರು. "ಪ್ಲೇಟ್ ಒಡೀತಾವಂತ ಜೋಪಾನ ಮಾಡಿದೆ, ರಟ್ಟಲ್ಲಾ ಹೋದ್ರ ಹೋಗಲಿ ಅಂತ ಕವರ್ ಬಿಟ್ಟೆ. ಹುಡುಗೂರು ಪುಸ್ತಕಕ್ಕ ಹಾಕ್ಕೊಂಡ್ರು, ಹೆಂಡತಿ ಒಲಿಗೆ ಗಾಳಿ ಬೀಸಿದ್ಲು. ಈಗ ಪ್ಲೇಟ್ ಅದಾವ, ಹಚ್ಚೂ ಮಿಷನ್ ಇಲ್ಲ. ಕವರ್ ಇದ್ದಿದ್ರ ಕಣ್ಣಿಲೇ ಆದ್ರೂ ಕೇಳ್ತಿದ್ದೆ."

ಲಾಲಬಿ ಹಳದಿ ಕವರಿನ ಗುರುತು ಹೇಳಿದಳು. ಅಲ್ಲಾಸಾಬ ತೊಡೆ ತಟ್ಟಿದ. "ಸುಗ್ಗಿ ಹಾಡಿಂದು! ತೆನಿ ಹಿಡಕೊಂಡ ಹುಡುಗಿ, ಏನ್ ನಗತಿದ್ಲಂತಿ!"

"ಅದು ನಾನಣ್ಣಾ."

ಮುದುಕ ಹಣೆಗೆ ಕೈ ಹಿಡಿದು ಆಕೆಯನ್ನು ಮೇಲಿಂದ ಕೆಳಗೆ ನೋಡಿದ. "ಇದ್ದರೂ ಇರಬಹುದು ತಂಗಿ. ಸುಳ್ಳ್ಯಾಕ ಹೇಳಲಿ, ಕವರ್ ನೆನಪೈತಿ, ನಿನ್ನ ಗುರುತ ಹತ್ತವಲ್ದು."

ಲಾಲಬಿಗೆ ಅಳು ಬರುವುದೊಂದೇ ಬಾಕಿ. ಆದರೆ ಆತ ಇನ್ನೊಂದು ಮಾತು ಹೇಳಿದ. ಹಿರೇಹಂದಿಗೋಳದ ಮದುವೆಯೊಂದರಲ್ಲಿ ಬೀಗರು ಯಾರೋ ಆ ಪ್ಲೇಟಿನ ಮೇಲೆ ಕೂತು ಒಡೆದರಂತೆ. ಖಾಲಿ ಕವರನ್ನು ಆ ಮನೆಯ ಹೊಸ ಸೊಸೆ ಗದಿಗೆವ್ವ ಕೇಳಿ ಇಸಿದುಕೊಂಡಳಂತೆ. "ಮುಂದೊಮ್ಮೆ ಆ ಮನಿಗೆ ಹೋದ್ರ, ನನ್ನ ಕವರ್ ದೇವರ ಜಗಲಿ ಮ್ಯಾಲ ಕುಂತೈತಿ! ಊದಿನಕಡ್ಡಿ, ಹೂವು, ಎಲ್ಲಾ! ಲಕ್ಷ್ಮೀ ಅಂದ್ಕೊಂಡಾರ ಅವರು. ನಾ ಯಾಕ ಬಾಯಿ ಬಿಡ್ಲಿ? ಹೊಟ್ಟಿ ತುಂಬ ಹೋಳಗಿ ಉಂಡು ಬಂದೆ."

"ತೋಬಾ ತೋಬಾ," ಎಂದು ಲಾಲಬಿ ಎರಡೂ ಕೆನ್ನೆ ಬಡಿದುಕೊಂಡಳು. ಊರಿಗೆ ಮರಳುವ ಬಸ್ಸಿನಲ್ಲಿ ಒಂದೇ ಯೋಚನೆ. ಮಂದಿ ಕೈಮುಗಿಯುವ ದೇವರನ್ನು "ಅದು ನಾನು, ಕೊಡಿ" ಎಂದು ಕೇಳುವುದು ಹೇಗೆ? ಕೇಳದೇ ಇರುವುದು ಹೇಗೆ? ಶಿರಹಟ್ಟಿ ದಾಟುವಷ್ಟರಲ್ಲಿ ನಿರ್ಧಾರವಾಗಿತ್ತು. ಆದದ್ದಾಗಲಿ, ಕೇಳುವುದೇ ಸೈ.

ಮರುದಿನ ಹಿರೇಹಂದಿಗೋಳದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗದಿಗೆವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಲಾಲಬಿಯದೇ ವಯಸ್ಸು, ಮೈ ಮಾತ್ರ ಇನ್ನೂ ಗಟ್ಟಿ.

"ಯಾರವಾ ನೀನು? ಬಾ, ಕುಂಡ್ರು ಬಾ."

"ನಿಮ್ಮ ಲಕ್ಷ್ಮೀನ್ನ ನೋಡಾಕ ಬಂದೇನಿ ಯವ್ವಾ."

ಗದಿಗೆವ್ವ ಏನನ್ನೂ ಕೇಳದೆ ಒಳಗೆ ಕರೆದೊಯ್ದಳು. ಜಗಲಿಯ ನಡುವೆ, ದೀಪದ ಹಿಂದೆ, ಗಾಜಿನ ಚೌಕಟ್ಟಿನಲ್ಲಿ ಆ ಕವರು ಇತ್ತು. ಹಳದಿ ಮಾಸಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಹುಡುಗಿ ಮಾತ್ರ ಹಾಗೇ ಇದ್ದಳು. ಕಣ್ಣು ಮುಚ್ಚಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ಲಾಲಬಿ ಹತ್ತಿರ ಸರಿದು ನಿಂತಳು. ಎಷ್ಟು ವರ್ಷವಾಯಿತು ಈಕೆಯನ್ನು ನೋಡಿ! ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು ಹೋಯಿತು.

"ಅದು ನಾನು," ಎಂದುಬಿಟ್ಟಳು.

ಗದಿಗೆವ್ವ ಬೈಯುತ್ತಾಳೆ, ಹೊರಗೆ ಹಾಕುತ್ತಾಳೆ ಎಂದುಕೊಂಡರೆ, ಆಕೆ ಬಾಗಿಲು ಮುಂದೆ ಮಾಡಿ, ಸೆರಗು ಬಾಯಿಗೆ ಹಿಡಿದು ಕುಲುಕುಲು ನಗತೊಡಗಿದಳು.

"ಸಣ್ಣಕ ಮಾತಾಡ ಬೇ, ಸೊಸಿ ಕೇಳ್ಯಾಳು. ಪ್ಲೇಟಿನ ಕವರಂತ ನನಗ ಗೊತ್ತಿಲ್ಲೇನು? ನಾನ ಕೇಳಿ ಇಸಗೊಂಡೀನಲ್ಲ! ನಮ್ಮತ್ತಿ ಹುಲಿ ಇದ್ಲು. ಸೊಸಿ ನಕ್ಕರ ಮನಿ ಹಾಳು ಅಂತಿದ್ಲು. ಇಷ್ಟ ದೊಡ್ಡ ಮನ್ಯಾಗ ನಗೂ ಹೆಣಮಗಳು ಒಬ್ಬಾಕಿನೂ ಇದ್ದಿಲ್ಲ. ಈ ಹುಡುಗೀನ್ನ ನೋಡಿದೆ. ಗ್ವಾಡಿಗೆ ಹಚ್ಚಿದ್ರ ಒಲ್ಯಾಗ ಹಾಕ್ತಿದ್ಲು. ಜಗಲಿ ಮ್ಯಾಲ ಇಟ್ಟು ಲಕ್ಷ್ಮೀ ಅಂದೆ, ಯಾರರ ಮುಟ್ಟತಾರೇನು? ನಮ್ಮತ್ತಿ ಸಾಯೂತನಾ ನಿನಗ ಕೈಮುಗದಾಳ. ಶುಕ್ರವಾರ ಶುಕ್ರವಾರ ಹೋಳಗಿ ಎಡಿ."

"ಹೋಳಗಿ ನೀವ ತಿಂದ್ರಿ. ನನಗ ಒಂದರ ಕಳಿಸಿದ್ರೇನು?" ಎಂದಳು ಲಾಲಬಿ, ಕಣ್ಣೊರೆಸಿಕೊಳ್ಳುತ್ತ. ಆಮೇಲೆ ತಾನು ಬಂದ ಕಾರಣ ಹೇಳಿದಳು. ಹೋಟೆಲು, ಗಂಡನ ಮಾತು, ಸೊಸೆಯ ನಗು, ಒಂದೂ ಬಿಡಲಿಲ್ಲ.

"ಅದಕ್ಕ ಕೊಡು. ಒಯ್ತೀನಿ."

"ಕೊಡಂಗಿಲ್ಲ."

"ನನ್ನ ಮಾರಿ ಅದು!"

"ನನ್ನ ಜಗಲಿ ಇದು! ಮೊಬೈಲಿನ್ಯಾಗ ಫೋಟೋ ಹೊಡಕೊಂಡ ಹೋಗು."

"ಮೊಬೈಲಿನ್ಯಾಗ ಈಗ ನಾಯಿಗೂ ಮೀಸಿ ಹಚ್ಚತಾರ, ಯಾರ ನಂಬತಾರ? ನಾ ಇದನ್ನ ಒಯ್ಯದ ಮನಿಗೆ ಹೋಗಂಗಿಲ್ಲ ಯವ್ವಾ. ಇಲ್ಲೇ ಕುಂಡ್ರತೀನಿ." ಎಂದವಳೇ ಜಗಲಿಯ ಮುಂದೆ ಕಾಲು ಮಡಿಚಿ ಕೂತೇಬಿಟ್ಟಳು.

ಗದಿಗೆವ್ವ ಒಮ್ಮೆ ಚಿತ್ರ ನೋಡಿದಳು, ಒಮ್ಮೆ ಗಟ್ಟಿ ಕೂತ ಹೆಂಗಸನ್ನು ನೋಡಿದಳು. ಹಟಕ್ಕೆ ಹಟವೇ ಮದ್ದು ಎಂಬುದು ಆಕೆಗೂ ಗೊತ್ತು, ಆದರೆ ಎದುರಿಗಿದ್ದವಳ ಹಟ ಒಂದು ಕೈ ಮೇಲೇ ಇತ್ತು. ಎದ್ದು ಚೌಕಟ್ಟು ಇಳಿಸಿ ಹೊಸ ಟವೆಲಿನಲ್ಲಿ ಸುತ್ತಿದಳು. ಅಡುಗೆಮನೆಗೆ ಕೇಳುವಂತೆ ಕೂಗಿದಳು: "ಏ ಸೊಸಿ! ಲಕ್ಷ್ಮೀ ತವರಮನಿಗೆ ಹೋಗಬೇಕಂತಾಳ. ಕರಕೊಂಡ್ ಹೋಗಿ ರಾತ್ರಿಗೆ ಹೊಳ್ಳಿ ಕರಕೊಂಡ್ ಬರ್ತೀನಿ!" ತವರಿಗೆ ಹೊರಟ ಲಕ್ಷ್ಮಿಯನ್ನು ತಡೆಯುವ ಧೈರ್ಯ ಯಾವ ಸೊಸೆಗಿದೆ?

ಇಬ್ಬರೂ ಲಕ್ಷ್ಮೇಶ್ವರ ಮುಟ್ಟಿದಾಗ ಬಿಸಿಲು ಇಳಿದಿತ್ತು. ಮುರ್ತುಜಾ ಅರ್ಧ ತುಂಬಿದ ಗಾದಿಯ ಮುಂದೆ, ಹುಬ್ಬಿನ ಮೇಲೂ ಹತ್ತಿ ಹೊತ್ತು ಕೂತಿದ್ದ. ಗದಿಗೆವ್ವ ಟವೆಲು ಬಿಚ್ಚಿ ಚೌಕಟ್ಟನ್ನು ಹತ್ತಿಯ ರಾಶಿಗೆ ಆನಿಸಿಟ್ಟಳು. "ನೋಡಪಾ, ನಾ ಹಿರೇಹಂದಿಗೋಳದಾಕಿ. ಇದು ನನ್ನ ಲಗ್ನದಾಗ ಮೈಕಿನವರು ಕೊಟ್ಟ ಕವರು. ಇದರಾಗ ಯಾರ ಅದಾರ ಹೇಳ."

ಮುರ್ತುಜಾ ಬಗ್ಗಿ ನೋಡಿದ. "ಹಣಿಮ್ಯಾಲ ಕುಂಕುಮ ಐತೆಲ್ಲ?"

"ಗಾಜಿನ ಮ್ಯಾಲಿಂದು ನಾ ಹಚ್ಚಿದ್ದು, ಒಳಗಿಂದು ಫೋಟೋದವ ಹಚ್ಚಿದ್ದು. ಮಾರಿ ನೋಡೋ ಮಾರಾಯಾ!"

ಆತ ಮತ್ತೆ ನೋಡಿದ. ಈ ಸಲ ಬಹಳ ಹೊತ್ತು ನೋಡಿದ. ಕಡೆಗೆ ತಲೆ ಅಲ್ಲಾಡಿಸಿದ. "ಅಲ್ಲ ಬಿಡ್ರಿ. ಮೂಗು ಹಂಗ ಐತಿ, ಗದ್ದಾನೂ ಹಂಗ ಐತಿ. ಆದ್ರ ಈ ಹುಡುಗಿ ನೋಡ್ರಿ ಹೆಂಗ ನಗತಾಳ. ನಮ್ಮಾಕಿ ಹಿಂಗ ನಕ್ಕಿದ್ದು ನಾ ಒಂದ ದಿನಾನೂ ನೋಡಿಲ್ಲ."

"ನೀವ ನಗಿಸಿದ್ರ ನೋಡ್ತಿದ್ರಿ," ಎಂದಳು ಲಾಲಬಿ.

ಕೂಗಿ ಹೇಳಲಿಲ್ಲ, ಜಗಳಕ್ಕೂ ಹೇಳಲಿಲ್ಲ. ಮುರ್ತುಜಾನ ಕೈಯ ದಬ್ಬಣ ಅಲ್ಲೇ ನಿಂತಿತು. ಆತ ಹೆಂಡತಿಯ ಮುಖ ನೋಡಿದ. ಹತ್ತಿಯ ನಡುವೆ, ಒಲೆಯ ಮುಂದೆ, ದಿನಾಲೂ ಕಂಡ ಮುಖವೇ. ಆದರೂ ಇಂದೇ ಮೊದಲ ಸಲ ನೋಡುವವನ ಹಾಗೆ ನೋಡಿದ, ಮತ್ತೆ ಚಿತ್ರದ ಕಡೆ ತಿರುಗಿದ.

"ಖರೆ," ಎಂದ ಸಣ್ಣ ದನಿಯಲ್ಲಿ. "ನೀನಽ ಅದಿ."

ಲಾಲಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆತನ ಎದುರು ಬಂದು ಕೂತಳು.

"ಇನ್ನೊಮ್ಮೆ ಹೇಳ್ರಿ. ಒಳಗ ಫರ್ಹಾನಾಗ ಕೇಳಿಸಿಲ್ಲ."

ಮುರ್ತುಜಾ ಗಂಟಲು ಸರಿಮಾಡಿಕೊಂಡು, ಇಡೀ ಓಣಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದ.